ದೇವರ ಗೂಡಿನ ಕೋರೆಹಲ್ಲು

ನಮ್ಮ ಮನೆಯ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿ, ಗಂಧದ ತುಂಡು, ಹತ್ತಿಬತ್ತಿಯ ಡಬ್ಬಿ ಇವುಗಳ ಪಕ್ಕದಲ್ಲೇ ಒಂದು ಸ್ಟೀಲ್ ಬಟ್ಟಲಿದೆ. ಅದರೊಳಗೆ ಒಂದು ಜೊತೆ ಕೋರೆಹಲ್ಲು. ಹೊಸಬರು ಮನೆಗೆ ಬಂದು ಕೈಮುಗಿಯಲು ಹೋದಾಗ ಅದು ಕಣ್ಣಿಗೆ ಬೀಳುತ್ತದೆ. ಕಾಡಂಚಿನ ಊರಲ್ಲವೆ, ಯಾವುದೋ ಪ್ರಾಣಿಯದಿರಬೇಕು ಎಂದು ಹೆದರುತ್ತಾರೆ. ಅರಣ್ಯ ಇಲಾಖೆಯವರಿಗೆ ಗೊತ್ತಾದರೆ ಕಷ್ಟ ಎಂದು ನನ್ನ ಕಿವಿಯಲ್ಲಿ ಹೇಳಿದವರೂ ಇದ್ದಾರೆ. ಹುಲಿಯದಲ್ಲ, ಚಿರತೆಯದಲ್ಲ, ನಮ್ಮ ಯಜಮಾನರದು ಎಂದು ನಾನು ಹೇಳಿದಾಗ ಅವರ ಮುಖ ನೋಡಬೇಕು ನೀವು.

ಯಜಮಾನರ ಹೆಸರನ್ನು ನಾನು ಹೇಳುವ ಹಾಗಿಲ್ಲ. ಮೂವತ್ತು ವರ್ಷ ಮೇಷ್ಟ್ರ ಕೆಲಸ ಮಾಡಿ, ಊರಿನ ಮಕ್ಕಳ ಹೆಸರನ್ನೆಲ್ಲ ಹಾಜರಿಯಲ್ಲಿ ಕೂಗಿದ ಬಾಯಿ ಇದು. ಗಂಡನ ಹೆಸರು ಮಾತ್ರ ಇನ್ನೂ ಹೊರಡುವುದಿಲ್ಲ. ಇರಲಿ, ಮುಂದೆ ನಮ್ಮ ಅತ್ತಿಗೆ ಬಂದು ಕೂಗುತ್ತಾರೆ, ಆಗ ನಿಮಗೇ ತಿಳಿಯುತ್ತದೆ. ಸದ್ಯಕ್ಕೆ ಇಷ್ಟು ಸಾಕು: ಇವರದು ಗುಂಡ್ಲುಪೇಟೆಯಲ್ಲಿ ಬೆಳ್ಳುಳ್ಳಿ ಮಂಡಿ, ಮನೆ ಹಂಗಳದಲ್ಲಿ, ಊಟಿ ರಸ್ತೆಯ ಮಗ್ಗುಲಲ್ಲಿ. ಜಗುಲಿಯ ಮೇಲೆ ಕೂತರೆ ಬಸ್ಸಿನಲ್ಲಿ ಹೋಗುವವರ ಮುಖ ನಮಗೆ ಕಾಣುತ್ತದೆ, ನಮ್ಮ ಮುಖ ಅವರಿಗೆ ಕಾಣುತ್ತದೆ. ಈ ಕತೆಗೆ ಅದೇ ಮೂಲ.

ಹಲ್ಲಿನ ಮೂಲ ಮಾತ್ರ ಸಾದಿಕ್. ನನ್ನ ಹಳೆಯ ವಿದ್ಯಾರ್ಥಿ. ಗುಂಡ್ಲುಪೇಟೆಯಲ್ಲಿ ಮದುವೆಗಳಿಗೆ ವಿಡಿಯೋ ತೆಗೆಯುತ್ತಾನೆ. ನಮ್ಮ ಮಗಳ ಮದುವೆಯ ವಿಡಿಯೋ ತೆಗೆದವನೂ ಅವನೇ. ವರ್ಷಗಟ್ಟಲೆ ವಧೂವರರು ಒಬ್ಬರ ಬಾಯಿಗೊಬ್ಬರು ಜಿಲೇಬಿ ಇಡುವುದನ್ನು ತೆಗೆದು ತೆಗೆದು ಬೇಸತ್ತು, ಕಡೆಗೆ ಒಂದು ದಿನ ನಮ್ಮ ಮನೆಗೆ ಬಂದು, "ಮಿಸ್, ನಾನೊಂದು ದೆವ್ವದ್ ಸಿನ್ಮಾ ಮಾಡ್ತೀನಿ, ನಗೋ ದೆವ್ವ. ಅಣ್ಣನ್ನ ಕಳಿಸ್ಕೊಡಿ," ಅಂದ. ಅಣ್ಣ ಎಂದರೆ ನಮ್ಮ ಯಜಮಾನರು.

ಪರದೇಶದಲ್ಲಿ ಹಳೆಯ ಕತೆಯೊಂದಿದೆಯಂತೆ. ಬೆಟ್ಟದ ಮೇಲಿನ ಕೋಟೆಯಲ್ಲಿ ಒಬ್ಬ ದೊರೆ. ಹಗಲೆಲ್ಲ ಪೆಟ್ಟಿಗೆಯೊಳಗೆ ಹೆಣವಾಗಿ ಮಲಗಿದ್ದು, ಕತ್ತಲಾದ ಮೇಲೆ ಎದ್ದು ಜನರ ಕತ್ತಿಗೆ ಬಾಯಿ ಹಾಕಿ ರಕ್ತ ಹೀರುತ್ತಾನೆ. ಬೆಳ್ಳುಳ್ಳಿ ಕಂಡರೆ ಮಾತ್ರ ಓಡಿಹೋಗುತ್ತಾನೆ. ಆ ದೊರೆ ನಮ್ಮ ಸೀಮೆಗೆ ಬಂದರೆ ಏನಾಗುತ್ತದೆ ಎನ್ನುವುದು ಸಾದಿಕ್‌ನ ಸಿನಿಮಾ. ಹೆಸರು 'ಬೀಟ್ರೂಟ್ ದೊರೆ'. ಇಷ್ಟೆಲ್ಲ ಜನರಿರುವಾಗ ಇವರೇ ಯಾಕೆ ಎಂದು ಕೇಳಿದೆ. ಇವರಿಗೆ ಮೇಲಿನ ಸಾಲಿನಲ್ಲಿ ಹಲ್ಲು ಉದುರಿ ಎರಡು ಕಡೆ ಜಾಗ ಖಾಲಿಯಿತ್ತು. ಕೋರೆಹಲ್ಲು ಕೂರಿಸುವುದಕ್ಕೆ ಅಷ್ಟು ಹೇಳಿಮಾಡಿಸಿದ ಬಾಯಿ ತಾಲ್ಲೂಕಿನಲ್ಲೇ ಇಲ್ಲವೆಂದು ಸಾದಿಕ್ ಹೇಳಿದ. ಇವರು ಆ ಮಾತಿಗೆ ಉಬ್ಬಿಹೋದರು.

ನನಗೂ ಒಳಗೊಳಗೇ ಆಸೆಯಿತ್ತು. ನನ್ನ ತವರು ಭೀಮನಬೀಡು. ಚಿಕ್ಕಂದಿನಲ್ಲಿ ಗುಂಡ್ಲುಪೇಟೆಯ ಟೆಂಟಿಗೆ ದೆವ್ವದ ಸಿನಿಮಾ ಬಂದರೆ ಗಾಡಿ ಕಟ್ಟಿಸಿಕೊಂಡು ಹೋಗುತ್ತಿದ್ದೆವು. ಆದರೆ ತೆರೆಯ ಮೇಲೆ ದೆವ್ವ ಬರುವ ಹೊತ್ತಿಗೆ ಸರಿಯಾಗಿ ನಮ್ಮಜ್ಜಿ ತನ್ನ ಸೆರಗನ್ನು ನನ್ನ ತಲೆಯ ಮೇಲೆ ಎಳೆದು, ತಾನೊಬ್ಬಳೇ ನೋಡಿಬಿಡುತ್ತಿದ್ದಳು. ಮಗು ಹೆದರೀತು ಎಂದು ನೆಪ. ಹೀಗಾಗಿ ನಾನು ಕಂಡ ದೆವ್ವಗಳೆಲ್ಲ ಹರಳೆಣ್ಣೆಯ ವಾಸನೆ ಬರುವ ಹಸಿರು ಕತ್ತಲೆ ಮಾತ್ರ. ಒಂದು ದೆವ್ವವನ್ನಾದರೂ ಮೊದಲಿನಿಂದ ಕೊನೆಯವರೆಗೆ ನೋಡಬೇಕೆಂಬ ಆಸೆ ಈ ವಯಸ್ಸಿನಲ್ಲಿ ಹೀಗೆ ಕೈಗೂಡುತ್ತದೆ ಎಂದು ಯಾರಿಗೆ ಗೊತ್ತಿತ್ತು? ದೆವ್ವಕ್ಕೆ ಬೆಳಗಿನ ಉಪ್ಪಿಟ್ಟನ್ನು ನಾನೇ ಮಾಡಿ ಕಳಿಸುತ್ತಿದ್ದೆ.

ಗುಂಡ್ಲುಪೇಟೆಯಲ್ಲಿ ಹಲ್ಲು ಕಟ್ಟುವವರ ಹತ್ತಿರ ಕೋರೆಹಲ್ಲು ಮಾಡಿಸಿದ್ದಾಯಿತು. ದೊರೆಯ ಕರಿ ನಿಲುವಂಗಿಗೆ ಚಾಮರಾಜನಗರದ ವಕೀಲರೊಬ್ಬರು ತಮ್ಮ ಹಳೆಯ ಗೌನು ಕೊಟ್ಟರು. ರಕ್ತಕ್ಕೆ ನಮ್ಮ ಹೊಲದ ಬೀಟ್ರೂಟು. ಇನ್ನು ರಾತ್ರಿ. ರಾತ್ರಿ ನಮ್ಮಲ್ಲಿ ಆನೆ ಬರುತ್ತವೆ. ಅವುಗಳೆದುರು ಕೋರೆಹಲ್ಲು ಕಟ್ಟಿಕೊಂಡು ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ಕತ್ತಲಲ್ಲಿ ಮಾತ್ರ ಏಳಬೇಕಾದ ದೊರೆ ನಮ್ಮೂರಿನಲ್ಲಿ ಮಟಮಟ ಮಧ್ಯಾಹ್ನ ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುತ್ತ ತಿರುಗಾಡಿದ.

ಬೆಳ್ಳುಳ್ಳಿ ಕಂಡು ಹೆದರುವ ದೃಶ್ಯ ಬಂತು. ನಾಯಕಿ ಬೆಳ್ಳುಳ್ಳಿ ಸರ ಹಿಡಿದು ದೊರೆಯ ಮೂಗಿನ ಮುಂದೆ ಚಾಚಿದಳು. ದೊರೆ ಚೀರಿ ಹಿಂದಕ್ಕೆ ಬೀಳಬೇಕಿತ್ತು. ಇವರು ಬೀಳಲಿಲ್ಲ. ಕೈ ನೀಡಿ ಒಂದು ಗೆಡ್ಡೆ ಕಿತ್ತು, ಎಸಳು ಬಿಡಿಸಿ, ಬೆರಳಲ್ಲಿ ಒತ್ತಿ ನೋಡಿ, "ಇದು ನಮ್ದಲ್ಲ ಕಣಮ್ಮಿ, ಊಟಿದು. ಎಲ್ ತಗಂಡೆ?" ಎಂದು ಕೇಳಿದರು. ಎಷ್ಟು ಸಲ ತೆಗೆದರೂ ಅದೇ ಹಾಡು. ಹುಟ್ಟಿದಾಗಿನಿಂದ ಬೆಳ್ಳುಳ್ಳಿಯ ಮೇಲೇ ಬದುಕಿದ ಮನುಷ್ಯನಿಗೆ ಅದನ್ನು ಕಂಡು ಭಯ ಬಾ ಎಂದರೆ ಎಲ್ಲಿಂದ ಬಂದೀತು? ಸಾದಿಕ್ ಸೋತು, ಅದನ್ನೇ ಸಿನಿಮಾದಲ್ಲಿ ಇಟ್ಟುಕೊಂಡ.

ವಿಭೂತಿಯದು ಇನ್ನೊಂದು ರಗಳೆ. ಹಣೆ ಒರೆಸಿಕೊಳ್ಳಿ ಅಣ್ಣಾ, ರಕ್ತ ಕುಡಿಯೋ ದೊರೆಗೆ ವಿಭೂತಿ ಎಲ್ಲಿಂದ ಬಂತು ಎಂದು ಸಾದಿಕ್ ಗೋಗರೆದ. "ಸಿವನ್ ಗಣದಲ್ ಇದ್ದೋರು ಯಾರ್ಲಾ? ಭೂತಗೋಳೇ ತಾನೆ? ಅವು ಬರೀ ಹಣೇಲಿದ್ವಾ?" ಎಂದು ಇವರು ತಿರುಗಿ ಕೇಳಿದರು. ಸಾದಿಕ್ ಕ್ಯಾಮೆರಾ ಎತ್ತಿಕೊಂಡ. ನಮ್ಮ ದೊರೆ ಮೂರು ಬೆರಳಗಲ ವಿಭೂತಿ ಬಳಿದುಕೊಂಡೇ ಜನರ ಕತ್ತಿಗೆ ಬಾಯಿ ಹಾಕಿದ.

ಇನ್ನು ಪೆಟ್ಟಿಗೆಯ ದೃಶ್ಯ. ದೊರೆ ಹೆಣವಾಗಿ ಪೆಟ್ಟಿಗೆಯಲ್ಲಿ ಅಂಗಾತ ಮಲಗಿರಬೇಕು ಎಂದ ಸಾದಿಕ್. ಇವರು ಖಂಡಿತ ಆಗುವುದಿಲ್ಲ ಅಂದುಬಿಟ್ಟರು. "ನಮ್ಮಲ್ಲಿ ಸತ್ತೋರು ಮಲಗಕಿಲ್ಲ ಕಣಪ್ಪ, ಕುಂತ್ಕತಾರೆ." ಅದು ನಿಜ. ನಮ್ಮವರಲ್ಲಿ ಸತ್ತವರಿಗೆ ಸ್ನಾನ ಮಾಡಿಸಿ, ವಿಭೂತಿ ಬಳಿದು, ಹೂವಿನ ಹಾರ ಹಾಕಿ ಕೂರಿಸುತ್ತೇವೆ. ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ಬದುಕಿನಲ್ಲಿ ಒಂದು ಕ್ಷಣ ಕೂರದೆ ದುಡಿದವರು ಆವತ್ತು ನೆಮ್ಮದಿಯಾಗಿ ಕೂತಿರುತ್ತಾರೆ. ಇದು ಇನ್ನೂ ಚೆನ್ನಾಗಿದೆ ಅಂದ ಸಾದಿಕ್. ಪೆಟ್ಟಿಗೆ ಹೋಗಿ ಕುರ್ಚಿ ಬಂತು. ನಮ್ಮ ಜಗುಲಿಯ ಮೇಲೆ, ರಸ್ತೆಗೆ ಮುಖ ಮಾಡಿ, ಕರಿ ಗೌನು, ಬಿಳಿ ವಿಭೂತಿ, ನಮ್ಮದೇ ಹೊಲದ ಚೆಂಡು ಹೂವಿನ ದಪ್ಪ ಹಾರದ ಜೊತೆ ನಮ್ಮ ದೊರೆ ಕಣ್ಣು ಮುಚ್ಚಿ ಕೂತರು.

ಎರಡು ಸಲ ತೆಗೆಯುವಷ್ಟರಲ್ಲಿ ಕ್ಯಾಮೆರಾದ ಬ್ಯಾಟರಿ ಮುಗಿಯಿತು. "ಗುಂಡ್ಲುಪೇಟೆಗೆ ಓಗಿ ಬತ್ತೀನಿ ಅಣ್ಣಾ, ಹಾರ ಅಲ್ಲಾಡ್ಬಾರ್ದು, ವಿಭೂತಿ ಅಳಿಸ್ಬಾರ್ದು, ಹಿಂಗೇ ಇರಿ," ಎಂದು ಹೇಳಿ ಸಾದಿಕ್ ಬೈಕು ಹತ್ತಿದ. ನಾನು ಅಡಿಗೆಮನೆಯಲ್ಲಿ ರಕ್ತಕ್ಕೆಂದು ಬೀಟ್ರೂಟು ತುರಿಯುತ್ತಿದ್ದೆ. ಇವರು ಹೇಳಿದ ಹಾಗೆಯೇ ಅಲ್ಲಾಡದೆ ಕೂತಿದ್ದು, ಕೂತ ಹಾಗೆಯೇ ನಿದ್ದೆ ಹೋದರು.

ಆಗ ಊಟಿ ಬಸ್ಸು ಹೋಯಿತು. ಅದರೊಳಗೆ ಇವರಿಗೆ ಪರಿಚಯದ ವ್ಯಾಪಾರಿಯೊಬ್ಬ ಇದ್ದ. ಕಿಟಕಿಯಿಂದ ನೋಡಿದ. ನಮ್ಮ ಸೀಮೆಯವನಲ್ಲದಿದ್ದರೆ, ಯಾರೋ ಸನ್ಮಾನ ಮಾಡಿಸಿಕೊಂಡು ಕೂತಿದ್ದಾರೆ ಎಂದುಕೊಳ್ಳುತ್ತಿದ್ದ. ನಮ್ಮವನಾದ್ದರಿಂದ ನೋಡಿದ ತಕ್ಷಣ ಅರ್ಥವಾಯಿತು. ಫೋಟೋ ಹೊಡೆದು ಬೆಳ್ಳುಳ್ಳಿ ವ್ಯಾಪಾರಿಗಳ ವಾಟ್ಸಪ್ ಗುಂಪಿಗೆ ಹಾಕಿದ: ನಮ್ಮ ಬೆಳ್ಳುಳ್ಳಿ ಅಣ್ಣ ಇನ್ನಿಲ್ಲ. ಕೈಮುಗಿಯುವ ಚಿತ್ರಗಳು ಸಾಲುಸಾಲಾಗಿ ಬಂದವು. ಕೇರಳದ ವ್ಯಾಪಾರಿಗಳು ತಮ್ಮ ಭಾಷೆಯಲ್ಲಿ ಆದರಾಂಜಲಿ ಎಂದು ಶ್ರದ್ಧಾಂಜಲಿ ಹೇಳಿ ಗುಲಾಬಿ ಹೂ ಕಳಿಸಿದರು. ಅವರಲ್ಲೊಬ್ಬ ಗುಲಾಬಿಯ ಕೆಳಗೇ, ನಾಳೆಯ ಲೋಡು ಬರುತ್ತದೋ ಇಲ್ಲವೋ ಎಂದೂ ಕೇಳಿದ್ದ. ಫೋಟೋ ಗುಂಪಿನಿಂದ ಗುಂಪಿಗೆ ಹಾರಿ ಚಾಮರಾಜನಗರದಲ್ಲಿ ಒಬ್ಬರ ಕೈ ಸೇರಿತು.

ಅವರೇ ನಮ್ಮ ಅತ್ತಿಗೆ, ಇವರ ಅಕ್ಕ, ಚನ್ನಾಜಮ್ಮ. ತಾಯಿ ಬೇಗ ತೀರಿಹೋದ್ದರಿಂದ ಇವರನ್ನು ಸಾಕಿದವರು. ನಮ್ಮ ಮಗಳ ಮದುವೆಯಾದಾಗಿನಿಂದ ಅವರು ನಮ್ಮ ಮನೆಗೆ ಬಂದಿರಲಿಲ್ಲ. ಮದುವೆಗೂ ಬರಲಿಲ್ಲ. ಕಾರಣ ಕೇಳಿದರೆ ನೀವು ನಗುತ್ತೀರಿ, ನಾವು ಮಾತ್ರ ನಕ್ಕಿರಲಿಲ್ಲ. ಸೋದರತ್ತೆಯನ್ನು ಮದುವೆಗೆ ಕರೆಯುವುದೆಂದರೆ ಅವರ ಹೊಸ್ತಿಲಿಗೆ ಹೋಗಿ, ಎಲೆಅಡಿಕೆ ಕುಂಕುಮ ಕೊಟ್ಟು, ಬಾಯಿತುಂಬ ಕರೆಯಬೇಕು. ನನ್ನಕ್ಕ ತಾನೆ, ಕರೆಯದಿದ್ದರೆ ಬರುವುದಿಲ್ಲವೆ ಎಂದು ಇವರು ಲಗ್ನಪತ್ರಿಕೆಯನ್ನು ಮೊಬೈಲಿನಲ್ಲೇ ಕಳಿಸಿಬಿಟ್ಟರು. ಆ ಬೆಳ್ಳುಳ್ಳಿ ಗುಂಪಿಗೆ ಹಾಕಿದ್ದನ್ನೇ ಅವರಿಗೂ ತಳ್ಳಿದ್ದರು. ಅತ್ತಿಗೆ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಇನ್ ನಿನ್ ಮನೆಗ್ ಬರೋದಾದ್ರೆ ನಿನ್ ಹೆಣ ನೋಡಕ್ಕೇಯ." ಇವರೂ ಅದೇ ರಕ್ತ. "ಅಂಗೇ ಆಗ್ಲಿ ಬುಡು," ಅಂದುಬಿಟ್ಟರು. ಆಮೇಲೆ ಹಬ್ಬ ಬಂದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದರು, ಫೋನು ಮಾತ್ರ ಮಾಡುತ್ತಿರಲಿಲ್ಲ. ಮದುವೆಯ ವಿಡಿಯೋದಲ್ಲಿ ಸೋದರತ್ತೆ ಆರತಿ ಎತ್ತಬೇಕಾಗಿದ್ದ ಜಾಗ ಬಂದಾಗ ಎದ್ದು ಹೊರಗೆ ಹೋಗುತ್ತಿದ್ದರು. ನನಗೆ ಅದನ್ನು ನೋಡಿ ಸಂಕಟವಾಗುತ್ತಿತ್ತು.

ಅಂಥ ಅತ್ತಿಗೆ ಪಕ್ಕದ ಮನೆಯವರ ಕಾರು ಹತ್ತಿ, ಕಾರಿನ ತುಂಬ ನಂಟರನ್ನು ತುಂಬಿಕೊಂಡು ಬಂದಿಳಿದರು. "ನಂಜುಂಡಾ!" ಎಂದು ಅವರು ಕೂಗಿದ್ದು ಅಡಿಗೆಮನೆಗೆ ಕೇಳಿಸಿತು. (ಹೆಸರು ಗೊತ್ತಾಯಿತಲ್ಲ.) ನಾನು ಓಡಿಬಂದೆ. ಬೀಟ್ರೂಟಿನಿಂದ ಮೊಳಕೈವರೆಗೆ ಕೆಂಪಾದ ನನ್ನ ಕೈ ನೋಡಿದ್ದೇ, "ಅಯ್ಯೋ, ರಕ್ತ ಕಕ್ಕಂಡ್ ಓದ್ನೇನಮ್ಮಿ ನನ್ ತಮ್ಮ!" ಎಂದು ಅತ್ತಿಗೆ ಎದೆ ಬಡಿದುಕೊಂಡರು. ಇಲ್ಲ ಅತ್ತಿಗೆ, ಬೀಟ್ರೂಟು ಎಂದೆ. "ಬೀಟ್ರೂಟ್ ತಿಂದು ಸತ್ನಾ!" ಎಂದು ಇನ್ನೂ ಜೋರಾಗಿ ಅತ್ತರು. ನನ್ನ ಮಾತು ಅಲ್ಲಿಂದ ಮುಂದೆ ಯಾರಿಗೂ ಕೇಳಿಸಲಿಲ್ಲ.

ಅಷ್ಟರಲ್ಲಿ, ಗುಂಡ್ಲುಪೇಟೆಯಲ್ಲಿ ಬ್ಯಾಟರಿ ಚಾರ್ಜ್ ಆಗುವ ತನಕ ಕಾದಿದ್ದ ಸಾದಿಕ್ ಬಂದ. ಅವನಾದರೂ ಹೇಳಬಹುದಿತ್ತು. ಆದರೆ ಮದುವೆಗಳಲ್ಲಿ ಪಳಗಿದ ಕೈ ಅದು. ಹೆಣ್ಣು ಒಪ್ಪಿಸುವಾಗ ಅಳುವವರನ್ನು ಹುಡುಕಿ ಹುಡುಕಿ ತೆಗೆದ ಕೈ. ಅಳುವವರನ್ನು ಕಂಡ ಕೂಡಲೇ ಅದು ತಾನಾಗಿ ಕ್ಯಾಮೆರಾ ಎತ್ತಿಕೊಂಡು ಎದುರಿಗೆ ನಿಂತಿತು.

ಅತ್ತಿಗೆ ಜಗುಲಿಯ ಮೇಲೆ ಕುಸಿದು ತಮ್ಮನ ಕಾಲು ಹಿಡಿದುಕೊಂಡರು. ನನಗೆ ಇವರ ರೆಪ್ಪೆ ಒಂದು ಸಲ ಅದುರಿದ್ದು ಕಾಣಿಸಿತು. ಎಚ್ಚರವಾಗಿದೆ! ಇನ್ನೇನು ಕಣ್ಣು ಬಿಡುತ್ತಾರೆ ಎಂದು ಕಾದೆ. ಬಿಡಲಿಲ್ಲ.

"ಅಮ್ಮ ಸತ್ತಾಗ ನಿನ್ಗೆ ಮಾತೂ ಬರ್ತಿರ್ಲಿಲ್ಲ ಕಣ್ಲಾ," ಎಂದು ಅತ್ತಿಗೆ ಶುರು ಮಾಡಿದರು. "ಹೊಲ್ದಲ್ಲಿ ಅಟ್ಟಣೆ ಮೇಲೆ ನಿನ್ನ ಮಡ್ಲಲ್ ಮಲಗುಸ್ಕಂಡು, ಆನೆ ಬಂದ್ರೆ ಡಬ್ಬ ಬಡೀತಿದ್ನಲ್ಲೋ. ಡಬ್ಬ ನಿಂತ್ರೆ ಎದ್ ಅಳ್ತಿದ್ದೆ, ಅದ್ಕೆ ಆನೆ ಓದ್ಮ್ಯಾಲೂ ಬಡೀತಿದ್ದೆ. ನನ್ ಮಗಳ್ ಮದ್ವೆ, ಬಾ ಅಕ್ಕ ಅಂತ ಒಂದ್ ಮಾತು ವಸ್ಲಲ್ ನಿಂತ್ಕಂಡು ಕರೀಬಾರ್ದಾಗಿತ್ತಾ? ಹುಡ್ಗಿಗೆ ಅಂತ ತಗಂಡ್ ಸೀರೆ ಇನ್ನೂ ಪೆಟ್ಟಿಗೇಲೈತೆ. ಮದ್ವೆಗೂ ಮೊಬೈಲು, ಸಾವಿಗೂ ಮೊಬೈಲು. ಬಂದು ಯೋಳೋರು ಒಬ್ರೂ ಇಲ್ದಂಗಾಯ್ತಲ್ಲೋ!"

ಇಷ್ಟು ಹೊತ್ತು ತಮಾಷೆ ಮಾಡಿಕೊಂಡು ಬಂದೆ, ಇಲ್ಲಿ ಮಾತ್ರ ನನ್ನ ಕಣ್ಣಲ್ಲೂ ನೀರು ಬಂತು. ಸಾದಿಕ್ ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಇನ್ನೊಂದರಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ. ಯಾಕೆ ಕಣ್ಣು ಬಿಡಲಿಲ್ಲ ಎಂದು ಆಮೇಲೆ ಇವರನ್ನು ಕೇಳಿದೆ. "ಬುಟ್ರೆ ಎದ್ ಓಗ್ಬುಡ್ತಿದ್ಲಲ್ಲ," ಅಂದರು. ಹೆಣವಾಗಿರುವ ತನಕ ಮಾತ್ರ ಅಕ್ಕ ಎದುರಿಗೆ ಇರುತ್ತಾಳೆ ಎಂದು ಉಸಿರು ಬಿಗಿಹಿಡಿದು ಕೂತಿದ್ದರು ನನ್ನ ದೊರೆ.

ಕಡೆಗೆ ಅತ್ತಿಗೆ, ಕೊನೆಯ ಸಲ ಬಾಯಿಗೆ ನೀರು ಬಿಡುತ್ತೇನೆ ಎಂದು ಚೊಂಬು ತರಿಸಿದರು. ತುಟಿ ಬಿಡಿಸಿದರು. ಬಾಯೊಳಗೆ ಬಗ್ಗಿ ನೋಡಿದರು.

"ಅಯ್ಯೋ ಸಿವನೇ, ಹಲ್ಲು ಇಷ್ಟುದ್ದ ಬೆಳ್ಕಂಡವಲ್ಲೋ! ನಾನೊಬ್ಳು ನೋಡ್ದೆ ಓದ್ರೆ, ನಿನ್ ಹಲ್ಲು ನೋಡೋರೂ ಗತಿ ಇರ್ಲಿಲ್ವಾ?"

ಹೀಗೆಂದು ಅಳುತ್ತಲೇ ನೀರು ಹೊಯ್ದರು. ನೀರು ಗಂಟಲಿಗೆ ಹೋಗುವ ಬದಲು ಮೂಗಿಗೆ ಹತ್ತಿತು. ಹೆಣ ಒಂದು ಸಲ ನಡುಗಿತು. ಆಮೇಲೆ ಭಯಂಕರವಾಗಿ ಸೀನಿತು. ಕೋರೆಹಲ್ಲು ಹಾರಿ ಅತ್ತಿಗೆಯ ಮಡಿಲಿಗೆ ಬಿತ್ತು.

ನಂಟರು ಓಡಿದ ಓಟವನ್ನು ನಾನು ವರ್ಣಿಸಲಾರೆ. ಸಿನಿಮಾದಲ್ಲಿ ಇದೆ, ನೋಡಿಕೊಳ್ಳಿ. ಕಾರು ಹಿಂದುಮುಂದಾಗಿಯೇ ರಸ್ತೆ ಸೇರಿತು. ಅತ್ತಿಗೆ ಒಬ್ಬರೇ ಕದಲಲಿಲ್ಲ. ಆನೆಗೇ ಹೆದರದ ಹೆಂಗಸು. ಮಡಿಲಲ್ಲಿದ್ದ ಹಲ್ಲು ನೋಡಿದರು, ತಮ್ಮನ ಮುಖ ನೋಡಿದರು.

"ಸತ್ತಿಲ್ವೇನ್ಲಾ?"

"ಇಲ್ಲ ಕಣಕ್ಕ."

"ಯಾಕ್ಲಾ?"

"ಸಿನ್ಮಾ ಕಣಕ್ಕ," ಎಂದರು ಇವರು ಸಣ್ಣ ದನಿಯಲ್ಲಿ. ಅತ್ತಿಗೆ ಕೆನ್ನೆಗೆ ಒಂದು ಬಾರಿಸಿದರು. ವಿಭೂತಿ ಹೊಗೆಯಾಗಿ ಎದ್ದಿತು. ಆಮೇಲೆ ಕೋರೆಹಲ್ಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದು ನಿಂತರು.

"ಒಳಕ್ ಬನ್ನಿ ಅತ್ತಿಗೆ," ಎಂದೆ. "ಹೆಣ ನೋಡಕ್ ಬಂದೆ. ಹೆಣ ಇಲ್ಲ. ನಿಮ್ ವಸ್ಲು ನಾನ್ ತುಳ್ದಿಲ್ಲ ಕಣಮ್ಮಿ," ಎಂದು ಜಗುಲಿ ಇಳಿದು ಬಸ್‌ಸ್ಟಾಪಿನ ಕಡೆ ನಡೆದರು. ಅವರು ಹೇಳಿದ್ದೂ ಸರಿ. ಎಲ್ಲ ಹೊಸ್ತಿಲಿನ ಹೊರಗೆ, ಜಗುಲಿಯ ಮೇಲೇ ನಡೆದಿತ್ತು.

ಇವರು ಕುರ್ಚಿಯಿಂದ ಎದ್ದವರು ಬಟ್ಟೆ ಬದಲಿಸುವುದಕ್ಕೂ ನಿಲ್ಲಲಿಲ್ಲ. ಗೌನು, ಹಾರ, ವಿಭೂತಿ ಸಮೇತ ಅಕ್ಕನ ಹಿಂದೆ ಓಡಿದರು. ಅವರ ಹಿಂದೆ ನಾನು, ಕೆಂಪು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು. ಬಸ್ಸು ಬಂತು, ಮೂವರೂ ಹತ್ತಿದೆವು. ಸಿಂಗರಿಸಿದ ಹೆಣವೊಂದು ಬಸ್ಸು ಹತ್ತಿ ನಿಂತರೆ ಹೇಗಿರುತ್ತದೆ ಎಂದು ನಾನು ಆವತ್ತು ಕಂಡೆ. ಅಂಥ ತುಂಬಿದ ಬಸ್ಸಿನಲ್ಲೂ ಇವರಿಗೆ ಕೂರಲು ಒಂದು ಇಡೀ ಸೀಟು ಸಿಕ್ಕಿತು. ಕಂಡಕ್ಟರ್ ನಮ್ಮಿಬ್ಬರ ಆಧಾರ್ ಕೇಳಿದ. ಅತ್ತಿಗೆ ತಮ್ಮದನ್ನು ತೋರಿಸಿದರು, ನನ್ನದು ಮನೆಯಲ್ಲಿತ್ತು. ಇವರನ್ನು ಮೇಲಿನಿಂದ ಕೆಳಗೆ ನೋಡಿ, "ಫ್ರೀ ಎಂಗುಸ್ರಿಗ್ ಮಾತ್ರ ಯಜಮಾನ್ರೆ, ಸತ್ತೋರ್ಗಿಲ್ಲ," ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಅತ್ತಿಗೆ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಿಸುವಾಗ ಇವರು ಓಡಿಹೋಗಿ ಎಲೆಅಡಿಕೆ, ಬಾಳೆಹಣ್ಣು, ಕುಂಕುಮದ ಪೊಟ್ಟಣ ಕಟ್ಟಿಸಿಕೊಂಡು ಬಂದರು. ಯಾಕೆ ಎಂದು ನನಗೆ ಗೊತ್ತಾಗಿತ್ತು. ತೆರಕಣಾಂಬಿ ದಾಟಿತು, ಚಾಮರಾಜನಗರ ಬಂತು. ಅತ್ತಿಗೆ ತಮ್ಮ ಮನೆಯೊಳಗೆ ಹೋಗಿ ಬಾಗಿಲಿಗೆ ಬೆನ್ನು ಮಾಡಿ ನಿಂತರು. ಇವರು ಹೊಸ್ತಿಲ ಹೊರಗೇ ನಿಂತು, ಎಲೆಅಡಿಕೆ ಹಿಡಿದ ಕೈ ಮುಂದೆ ಚಾಚಿ, ಮದುವೆಗೆ ಕರೆಯುವವರ ಧಾಟಿಯಲ್ಲೇ ಕರೆದರು: "ಅಕ್ಕ, ನಮ್ ಮನೇಲಿ ಸಿನ್ಮಾ ಮಡೀಕಂಡಿದೀವಿ. ನೀನು ಮುಂದಾಗ್ ಬಂದು ನಡೆಸ್ಕೊಡ್ಬೇಕು."

ಕೇರಿಯವರೆಲ್ಲ ನೆರೆದಿದ್ದರು. ಅತ್ತಿಗೆ ತಿರುಗಿದರು. ಆ ಗೌನು, ಬಾಡಿದ ಹಾರ, ತಮ್ಮದೇ ಐದು ಬೆರಳು ಮೂಡಿದ್ದ ವಿಭೂತಿಯ ಕೆನ್ನೆ, ಹಲ್ಲಿಲ್ಲದ ಬಾಯಿ ಎಲ್ಲವನ್ನೂ ನೋಡಿದರು. ಸೆರಗೊಡ್ಡಿ ಎಲೆಅಡಿಕೆ ಇಸಿದುಕೊಂಡರು.

"ಮೊದ್ಲು ಒಳಕ್ ಬಂದು ಮಕ ತೊಳ್ಕ. ಹೆಣದಂಗವ್ನೆ," ಅಂದರು.

ಸಿನಿಮಾವನ್ನು ನಮ್ಮ ಮನೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ ಒಂದು ಸಂಜೆ ತೋರಿಸಿದೆವು. ಅತ್ತಿಗೆ ಸೀರೆಯ ಪೆಟ್ಟಿಗೆ ಹಿಡಿದು ಹೊಸ್ತಿಲು ದಾಟಿ ಬಂದರು. ಸೀರೆಯನ್ನು ನಮ್ಮ ಮಗಳ ಕೈಗಿಟ್ಟರು. ಅವರು ಅಳುವ ಭಾಗವನ್ನು ತೆಗೆದುಬಿಡುತ್ತೇನೆ ಎಂದು ಸಾದಿಕ್ ಮೊದಲೇ ಹೇಳಿದ್ದ. "ಯಾಕ್ ತಗೀತಿಯಪ್ಪ? ನಾನೇನ್ ಸುಳ್ಳೇ ಅತ್ನಾ?" ಎಂದು ಅವರೇ ಇರಿಸಿದರು. ಆ ಭಾಗ ಬಂದಾಗ ಊರೆಲ್ಲ ಬಿದ್ದುಬಿದ್ದು ನಕ್ಕಿತು. ಅತ್ತಿಗೆ ಇವರ ಬೆನ್ನಿಗೆ ಗುದ್ದಿ ಗುದ್ದಿ ನಕ್ಕರು. ನಾನು ಈ ಸಲವಾದರೂ ದೆವ್ವವನ್ನು ಪೂರ್ತಿ ನೋಡುತ್ತೇನೆಂದು ಕೂತಿದ್ದೆ. ಕಣ್ಣೊರೆಸಿಕೊಳ್ಳುವುದರಲ್ಲಿ ಅರ್ಧ ತಪ್ಪಿತು.

ಹೊರಡುವ ಮುಂಚೆ ಅತ್ತಿಗೆ ಸೆರಗಿನ ಗಂಟು ಬಿಚ್ಚಿ, ಆವತ್ತಿನಿಂದ ತಮ್ಮಲ್ಲೇ ಇಟ್ಟುಕೊಂಡಿದ್ದ ಕೋರೆಹಲ್ಲನ್ನು ತಾವೇ ಬಟ್ಟಲಿಗೆ ಹಾಕಿ ದೇವರ ಗೂಡಿನಲ್ಲಿಟ್ಟರು. ಇಲ್ಲಿ ಯಾಕೆ ಅತ್ತಿಗೆ ಎಂದೆ.

"ಬಿಸಾಕ್ಬುಟ್ಟೀಯ, ಉಸಾರು ಕಣಮ್ಮಿ. ನನ್ನೂ ಒಂದಿನ ಇಂಗೇ ಹಾರ ಆಕಿ ಕೂರುಸ್ತಾರಲ್ಲ, ಆವತ್ತು ನಂಜುಂಡ ಈ ಹಲ್ಲು ಆಕ್ಕಂಡು ನನ್ ಮುಂದೆ ಬಂದು ನಿಂತ್ಕಳ್ಲಿ. ನಾನ್ ನಗ್ದೆ ಇದ್ರೆ, ಆವಾಗ ತಿಳ್ಕಳ್ರಿ, ನಿಜ್ವಾಗೂ ಓಗಿದೀನಿ ಅಂತ."

ಮೊಮ್ಮಕ್ಕಳು ಬಂದಾಗ ಒಂದು ಸಲ ಹಾಕಿ ತೋರಿಸಿ ತಾತ ಎಂದು ಗೋಳಾಡುತ್ತವೆ. ಬೇರೆ ಯಾವುದಕ್ಕೂ ಇಲ್ಲವೆನ್ನದ ಮನುಷ್ಯ ಇದೊಂದಕ್ಕೆ ಒಪ್ಪುವುದಿಲ್ಲ. ಸೋಮವಾರ ಸೋಮವಾರ ಪೂಜೆಗೆ ಕೂರುವ ಮುಂಚೆ ಬಟ್ಟಲು ಇಳಿಸಿ, ಹಲ್ಲನ್ನು ತೊಳೆದು, ಒರೆಸಿ, ಮತ್ತೆ ಅಲ್ಲೇ ಇಡುತ್ತಾರೆ. ಆಮೇಲೆ ಚಾಮರಾಜನಗರಕ್ಕೆ ಫೋನು ಮಾಡಿ, ಅಕ್ಕ ಎತ್ತುವ ತನಕ ಜಗುಲಿಯ ಮೇಲೆ ನಿಂತೇ ಇರುತ್ತಾರೆ.